ಸೇತುವೆವರೆಗಿನ ಬ್ಯಾಟರಿ

ನಮ್ಮೂರಿನಲ್ಲಿ ಹಳೇ ಗಾಡಿ ಕೊಳ್ಳುವವರು ಮೊದಲು ನೋಡುವುದು ಸ್ಟಾರ್ಟರ್ ಮೋಟರನ್ನು. ಬಣ್ಣ, ಟೈರು, ಸೀಟು ಎಲ್ಲ ಆಮೇಲೆ. ಎಂಜಿನ್ ಚಾಲೂ ಇರುವ ಗಾಡಿಯಲ್ಲಿ ಕೂತು ಯಾರಾದರೂ ಸುಳ್ಳು ಹೇಳಿದರೆ ಎಂಜಿನ್ ನಿಂತುಹೋಗುತ್ತದೆ. ಮತ್ತೆ ಕೀ ತಿರುಗಿಸಬೇಕು. ಹಾಗಾಗಿ ಸುಳ್ಳು ಹೆಚ್ಚಿರುವ ಮನೆಯ ಗಾಡಿಗೆ ವರ್ಷಕ್ಕೊಂದು ಸ್ಟಾರ್ಟರ್ ಬೇಕು. ಬಾನೆಟ್ ಎತ್ತಿ ಅದೊಂದನ್ನು ನೋಡಿದರೆ ಸಾಕು, ಹಿಂದಿನ ಮಾಲೀಕನ ಜಾತಕ ಕೈಗೆ ಸಿಕ್ಕಂತೆ. ಈ ಜಾತಕ ಓದುವ ಕೆಲಸವನ್ನು ನಾನು ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ಹೆಸರು ದಾಕ್ಷಾಯಣಿ. ಮೆಕ್ಯಾನಿಕ್ ಮಗಳು, ಡ್ರೈವರನ ವಿಧವೆ. ಊರಿನಲ್ಲಿ ಯಾರೇ ಹಳೇ ಗಾಡಿ ತೆಗೆದುಕೊಂಡರೂ ಮೊದಲು ನನ್ನನ್ನು ಕರೆದು ತೋರಿಸುತ್ತಾರೆ.

ಗಾಡಿಗಳ ಈ ಸ್ವಭಾವಕ್ಕೆ ಊರು ಹೊಂದಿಕೊಂಡು ಬಹಳ ಕಾಲವಾಯಿತು. ಮದುವೆ ಮಾತುಕತೆ ನಮ್ಮಲ್ಲಿ ಪಡಸಾಲೆಯಲ್ಲಿ ನಡೆಯುವುದಿಲ್ಲ. ಎರಡೂ ಕಡೆಯವರು ಒಂದೇ ವ್ಯಾನಿನಲ್ಲಿ ಕೂತು ಕೆರೆ ಸುತ್ತ ಒಂದು ಸುತ್ತು ಹಾಕುತ್ತಾರೆ. ಹುಡುಗನ ಅಭ್ಯಾಸಗಳನ್ನು ವಿಚಾರಿಸುವ ಹೊತ್ತಿಗೆ ವ್ಯಾನು ನಿಂತರೆ ಸಂಬಂಧವೂ ಅಲ್ಲಿಗೇ ನಿಂತಿತು. ಬಸ್ ಕಂಡಕ್ಟರ್ ‘ಚಿಲ್ಲರೆ ಇಲ್ಲ’ ಅನ್ನಬೇಕಾದರೆ ಸ್ಟಾಪಿನಲ್ಲಿ ಕೆಳಗಿಳಿದು, ನೆಲದ ಮೇಲೆ ಎರಡೂ ಕಾಲೂರಿ ಹೇಳುತ್ತಾನೆ. ಪುರಸಭೆಗೆ ನಿಲ್ಲುವವರು ಪ್ರಚಾರಕ್ಕೆ ಸೈಕಲ್ಲಿನಲ್ಲಿ ಬರುತ್ತಾರೆ. ಪೇಪರಿನವರು ಅದನ್ನು ಸರಳತೆ ಎಂದು ಬರೆಯುತ್ತಾರೆ. ಜೋಯಿಸರ ಸ್ಕೂಟರ್ ಮಾತ್ರ ಮೂವತ್ತು ವರ್ಷದಿಂದ ಒಮ್ಮೆಯೂ ನಿಂತಿಲ್ಲ. ಅವರು ಹಿಂದೆ ಕೂತವರಿಗೆ ಹೇಳಿದ ಭವಿಷ್ಯ ಒಂದಾದರೂ ನಿಜವಾಗಿದ್ದು ನಾನು ಕಾಣೆ. ಆದರೆ ಪುಣ್ಯಾತ್ಮರು ನಂಬಿ ಹೇಳುತ್ತಾರೆ. ಗಾಡಿಗೆ ಬೇಕಾದ್ದು ಅಷ್ಟೇ. ಅದಕ್ಕೆ ಲೋಕದ ನಿಜ ಗೊತ್ತಿಲ್ಲ, ಹೇಳುವವನು ತಾನೇ ನಂಬಿದ್ದಾನೋ ಇಲ್ಲವೋ ಎಂಬುದು ಗೊತ್ತು.

ಇನ್ನೊಂದು ಪದ್ಧತಿ ಇದೆ. ಬಸ್ಸು ನಿಂತರೆ ಎಲ್ಲರೂ ಇಳಿದು ತಳ್ಳುತ್ತೇವೆ, ಸುಳ್ಳು ಹೇಳಿದ್ದು ಯಾರು ಎಂದು ಮಾತ್ರ ಕೇಳುವುದಿಲ್ಲ. ಕೇಳುವುದು ಮರ್ಯಾದೆಯಲ್ಲ. ಅಪ್ಪ ಮಗನನ್ನು ಕೇಳುವುದಿಲ್ಲ, ಗಂಡ ಹೆಂಡತಿಯನ್ನು ಕೇಳುವುದಿಲ್ಲ. ‘ಪ್ಲಗ್ ಹೋಗಿರಬೇಕು’ ಅಂದುಬಿಡುತ್ತೇವೆ. ನಿಂತ ಗಾಡಿಯಲ್ಲಿ ಸುಳ್ಳಿಗೆ ಅಡ್ಡಿಯಿಲ್ಲವಲ್ಲ.

ಗಾಡಿ ಪರೀಕ್ಷೆಗೆ ನನ್ನ ಬಳಿ ಮೂರು ಸುಳ್ಳುಗಳಿವೆ. ಮೊದಲನೆಯದು ಸಣ್ಣದು: ‘ನನಗೆ ಮೂವತ್ತು ವರ್ಷ.’ ಇದಕ್ಕೆ ಪೆಟ್ರೋಲ್ ಗಾಡಿ ನಿಲ್ಲಬೇಕು, ಡೀಸೆಲ್ ಗಾಡಿ ಎರಡು ಸಲ ಕೆಮ್ಮಿ ಮುಂದೆ ಹೋಗಬೇಕು. ಎರಡನೆಯದು: ‘ನಮ್ಮ ನಾದಿನಿ ಮಾಡುವ ಉಪ್ಪಿಟ್ಟು ಬಹಳ ಚೆನ್ನಾಗಿರುತ್ತದೆ.’ ಇದಕ್ಕೆ ಡೀಸೆಲ್ಲೂ ನಿಲ್ಲಬೇಕು. ಮೂರನೆಯದು: ‘ತೀರಿಕೊಂಡ ಗಂಡನ ನೆನಪಾಗಿ ನಾನು ದಿನಾ ಅಳುತ್ತೇನೆ.’ ಇದಕ್ಕೆ ಟ್ರಾಕ್ಟರ್ ಕೂಡ ನಿಲ್ಲುತ್ತದೆ. ಇಷ್ಟಕ್ಕೂ ನಿಲ್ಲದ ಎಂಜಿನ್ ಇದ್ದರೆ ಅದರಲ್ಲಿ ಏನೋ ದೋಷವಿದೆ, ಕೊಳ್ಳಬೇಡಿ ಎನ್ನುತ್ತೇನೆ.

ಪಾತ್ರೆ ಅಂಗಡಿ ಓಂಕಾರಪ್ಪ ನನ್ನ ಬಳಿ ಬಂದದ್ದು ಒಂದು ಭಾನುವಾರ. ಐವತ್ತೆಂಟರ ಮನುಷ್ಯ, ಬಾಯಿ ತುಂಬಾ ಮಾತು, ಅಂಗಡಿಯ ತಪ್ಪಲೆಗಳಷ್ಟೇ ಸದ್ದು. ಅಂದು ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತೆಪ್ಪಗೆ ನಿಂತಿದ್ದ.

“ಮೃತ್ಯುಂಜಯನ ಯಾರ್ಡಿಗೆ ಒಂದು ದೊಡ್ಡ ಗಾಡಿ ಬಂದಿದೆಯಂತೆ ತಂಗಿ. ಹೈಬ್ರಿಡ್ ಎಸ್‌ಯುವಿ. ನೋಡ್ಕೊಡ್ತೀಯಾ?”

“ನಿಮಗ್ಯಾಕಣ್ಣ ಅಷ್ಟು ದೊಡ್ಡದು? ಇರೋದು ಇಬ್ರು. ಆ ಬಿಳಿ ಕಾರು ಇನ್ನೂ ಗಟ್ಟಿಯಾಗಿದೆ.”

“ಅದು ಬ್ಯಾಟ್ರಿ ಮೇಲೂ ಓಡುತ್ತಂತೆ. ಎಂಜಿನ್ ಚಾಲೂ ಆಗೋದೇ ಬೇಡ್ವಂತೆ.” ಅವನು ದನಿ ತಗ್ಗಿಸಿದ. “ಎಂಜಿನ್ನೇ ಓಡದಿದ್ರೆ ನಿಲ್ಲೋದೆಲ್ಲಿಂದ ಬಂತು, ಅಲ್ವಾ?”

ಆಮೇಲೆ ಒಂದೊಂದಾಗಿ ಹೊರಬಂತು. ಅವನ ಹೆಂಡತಿ ಸರ್ವಮಂಗಳಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದ್ದು ಆಪರೇಷನ್ ಆಗಿರುವುದು ನನಗೂ ಗೊತ್ತಿತ್ತು. ಈಗ ನಾಲ್ಕು ತಿಂಗಳಿಂದ ಗುರುವಾರ ಗುರುವಾರ ಪಕ್ಕದ ಊರಿನ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು. ಹೋಗುವಾಗ ಆಕೆ ಕಿಟಕಿಗೆ ತಲೆಯಾನಿಸಿ ಕೂರುತ್ತಾಳೆ. ಓಂಕಾರಪ್ಪ ಎಂಟು ಕಿಲೋಮೀಟರ್ ಧೈರ್ಯ ಕೂಡಿಸಿಕೊಂಡು, ಇಟ್ಟಿಗೆ ಭಟ್ಟಿ ಹತ್ತಿರ ಬರುವಾಗ ಹೇಳುತ್ತಾನೆ: ‘ಮಂಗಳಾ, ನೀನು ವಾಸಿ ಆಗ್ತೀಯ.’ ಕಾರು ನಿಂತುಬಿಡುತ್ತದೆ. ಪ್ರತಿ ಗುರುವಾರ, ಅದೇ ಭಟ್ಟಿ ಮುಂದೆ.

“ಭಟ್ಟಿಯವರು ಈಗ ನಮ್ ಕಾರು ಕಂಡ್ರೆ ಹಾರೆ ಬಿಟ್ಟು ತಳ್ಳೋಕೆ ಬರ್ತಾರೆ ತಂಗಿ. ಅವಳ ಮುಖ ನೋಡೋಕಾಗಲ್ಲ ನಂಗೆ. ಕಟ್ಕೊಂಡ ಗಂಡನೇ ನಂಬಿಲ್ಲ ಅಂದ್ಮೇಲೆ ಅವಳು ಯಾವ ಧೈರ್ಯದ ಮೇಲೆ ಆ ಸೂಜಿ ಚುಚ್ಚಿಸ್ಕೋಬೇಕು?”

“ಮನೇಲಿ ಹೇಳಿ. ಕಾರಲ್ಲೇ ಯಾಕೆ ಹೇಳ್ಬೇಕು?”

ಓಂಕಾರಪ್ಪ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. “ಮನೇಲಿ ಹೇಳಿದ ಮಾತಿಗೆ ನಮ್ಮೂರಲ್ಲಿ ಯಾರು ಬೆಲೆ ಕೊಡ್ತಾರೆ?”

ಅದೂ ಸರಿಯೇ. ‘ಅಕ್ಕನಿಗೆ ಗೊತ್ತಾಗಲ್ವಾ, ಇದು ಬ್ಯಾಟರಿ ಮೇಲೆ ಓಡೋದು ಅಂತ’ ಎಂದು ಕೇಳಿದೆ. “ಅವಳಿಗೆ ಹೈಬ್ರಿಡ್ ಅಂದ್ರೆ ಜೋಳದ ತಳಿ” ಅಂದ. ನನಗೆ ನಗು ಬಂತು, ನಕ್ಕೆ, ಆಮೇಲೆ ಅವನ ಕಣ್ಣು ನೋಡಿ, ಆಯಿತು ನೋಡಿಕೊಡುತ್ತೇನೆ ಎಂದೆ.

ನಾನೂ ಹೈಬ್ರಿಡ್ ನೋಡಿದವಳಲ್ಲ. ಎರಡು ದಿನ ಪಟ್ಟಣದ ವರ್ಕ್‌ಶಾಪಿನಲ್ಲಿ ಕೂತು ಕಲಿತು, ಬ್ಯಾಟರಿಯ ಆರೋಗ್ಯ ಓದುವ ಒಂದು ಸ್ಕ್ಯಾನರ್ ಕಡ ತಂದು, ಗುರುವಾರಕ್ಕೆ ಒಂದು ದಿನ ಮುಂಚೆ ಮೃತ್ಯುಂಜಯನ ಯಾರ್ಡಿಗೆ ಹೋದೆ. ಮೃತ್ಯುಂಜಯ ಊರಿನಲ್ಲಿ ಅತಿ ಹೆಚ್ಚು ಕಾರು ಮಾರಿದವನು, ಆದರೆ ಯಾವ ಕಾರಿನಲ್ಲೂ ಕೂರುವುದಿಲ್ಲ. ‘ಕಾರಿನ ವಾಸನೆ ನನಗೆ ಆಗಿಬರಲ್ಲ’ ಅನ್ನುತ್ತಾನೆ. ಕಾಂಪೌಂಡ್ ಗೋಡೆಯ ಆಚೆ ನಿಂತು, ಗೋಡೆಯ ಮೇಲೆ ಗಲ್ಲವಿಟ್ಟು ವ್ಯಾಪಾರ ಮಾಡುತ್ತಾನೆ.

“ಡಾಕ್ಟರ್ ಓಡಿಸಿದ ಗಾಡಿ ಅಕ್ಕಾ! ಒಂದೇ ಕೈ! ದೇವರ ಮನೆ ಥರ ಇಟ್ಕೊಂಡಿದ್ರು!” ಎಂದು ಗೋಡೆಯಾಚೆಯಿಂದ ಕೂಗಿದ.

ಗಾಡಿ ನೋಡಲು ಚೆಂದವೇ. ಮನೆಯಷ್ಟು ಎತ್ತರ, ಚರ್ಮದ ಸೀಟು, ಮಾಳಿಗೆಯಲ್ಲಿ ಗಾಜಿನ ಕಿಂಡಿ. ಆದರೆ ಚೆಂದ ನೋಡಲು ನನ್ನನ್ನು ಕರೆಯುವುದಿಲ್ಲ. ನಾನು ಬೆಳಿಗ್ಗೆ ಏಳಕ್ಕೇ ಹೋಗಿದ್ದೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಇಂಥ ಗಾಡಿಗಳು ಗಾಳಿಯ ಸಸ್ಪೆನ್ಷನ್ ಮೇಲೆ ನಿಂತಿರುತ್ತವೆ. ಸೋರುತ್ತಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಒಂದು ಮೂಲೆ ಕುಸಿದಿರುತ್ತದೆ. ನಾಲ್ಕು ಚಕ್ರದ ಮೇಲೂ ಗೇಣು ಹಾಕಿ ನೋಡಿದೆ, ಸಮವಾಗಿತ್ತು. ಬಾಗಿಲ ಸಂದುಗಳೂ ಸಮ, ಎಲ್ಲೂ ಗುದ್ದಿಸಿ ಬಡಿದು ನೇರ ಮಾಡಿದ ಗುರುತಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದೆ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಉಳಿಯುತ್ತದೆ. ಇದರಲ್ಲಿ ಇರಲಿಲ್ಲ. ಗಾಜಿನ ಕಿಂಡಿಗೆ ಒಂದು ಚೊಂಬು ನೀರು ಸುರಿದೆ; ನೀರು ಚಕ್ರದ ಹತ್ತಿರ ಬಂದು ಬಿತ್ತು, ಸೀಟಿನ ಮೇಲಲ್ಲ. ಬ್ರೇಕ್ ಪ್ಯಾಡ್ ಹೊಸದರಂತಿತ್ತು. ಓಂಕಾರಪ್ಪ ಹಿಗ್ಗಿದ. ಹಿಗ್ಗಬೇಡಿ, ಹೈಬ್ರಿಡ್‌ನಲ್ಲಿ ಬ್ಯಾಟರಿಯ ಮೋಟರೇ ಗಾಡಿಯನ್ನು ಅರ್ಧ ತಡೆಯುತ್ತದೆ, ಪ್ಯಾಡ್ ಸವೆಯುವುದು ಕಡಿಮೆ, ಅದನ್ನು ನೋಡಿ ಮೋಸ ಹೋಗಬಾರದು ಎಂದೆ.

ಎಂಜಿನ್ ನೋಡಿ ಮಾತ್ರ ನನಗೆ ಅನುಮಾನ ಬಂತು. ಐದು ವರ್ಷದ ಗಾಡಿ, ಮೀಟರಿನಲ್ಲಿ ತೊಂಬತ್ತು ಸಾವಿರ, ಎಂಜಿನ್ ನೋಡಿದರೆ ನಿನ್ನೆ ಹಸೆಮಣೆ ಏರಿದ ಮದುವಣಗಿತ್ತಿ. ಸ್ಕ್ಯಾನರ್ ಚುಚ್ಚಿದೆ. ಬ್ಯಾಟರಿ ಮುದುಕಿ. ಹೊಸದರಲ್ಲಿ ಐವತ್ತು ಕಿಲೋಮೀಟರ್ ಓಡುತ್ತಿದ್ದದ್ದು ಈಗ ಇಪ್ಪತ್ತೊಂದಕ್ಕೆ ಕೈ ಎತ್ತುತ್ತದೆ. ತೊಂಬತ್ತು ಸಾವಿರದಲ್ಲಿ ಬಹುಪಾಲು ಬ್ಯಾಟರಿಯ ಮೇಲೇ ಓಡಿದೆ. ಯಾವ ಡಾಕ್ಟರ್ ಹೀಗೆ ಓಡಿಸುತ್ತಾನೆ? ಹಿಂದಿನ ಸೀಟಿನ ಕೆಳಗೆ ಬ್ಯಾಟರಿ ಉಸಿರಾಡುವ ಜಾಲರಿ ಇರುತ್ತದೆ, ಅದು ಕಟ್ಟಿಕೊಂಡರೆ ಬ್ಯಾಟರಿ ಕಾದು ಕೆಡುತ್ತದೆ. ಜಾಲರಿ ಬಿಚ್ಚಿದೆ. ಒಳಗೆ ಬೊಗಸೆ ತುಂಬಾ ಹುರಿದ ಕಡಲೆಕಾಯಿ ಸಿಪ್ಪೆ, ಅದರ ಜೊತೆ ಮಡಿಸಿದ ಒಂದು ಬಣ್ಣದ ಕಾಗದ: ‘ಸ್ವರ್ಣಭೂಮಿ ಬಡಾವಣೆ. ಮುಂದಿನ ವರ್ಷವೇ ವರ್ತುಲ ರಸ್ತೆ!’

ಗೋಡೆಯಾಚೆ ಮೃತ್ಯುಂಜಯನ ಗಲ್ಲ ಕೆಳಗಿಳಿಯಿತು.

ಸ್ವರ್ಣಭೂಮಿ ಬಡಾವಣೆ ಎಂದರೆ ನಮ್ಮೂರ ಕೆರೆಯಂಗಳ. ಎರಡು ವರ್ಷದ ಹಿಂದೆ ಸೈಟು ಮಾರಲು ಬಂದವನೊಬ್ಬನ ಮಾತು ನಂಬಿ ಅರ್ಧ ಊರು ಅಲ್ಲಿ ಸೈಟು ಕೊಂಡಿತ್ತು. ಮಳೆಗಾಲ ಬಂದಾಗ ಎಲ್ಲರೂ ಕೊಡೆ ಹಿಡಿದು ದಡದಲ್ಲಿ ನಿಂತು ತಮ್ಮ ತಮ್ಮ ಸೈಟು ಎಲ್ಲಿದೆ ಎಂದು ನೀರಿನಲ್ಲಿ ಬೆರಳು ಮಾಡಿ ತೋರಿಸಿಕೊಂಡರು. ನನ್ನ ನಾದಿನಿಯದೂ ಅಲ್ಲೇ, ಮೂಲೆ ಸೈಟು. ‘ಯಾಕೆ ನಂಬಿದ್ರಿ’ ಎಂದು ಕೇಳಿದ್ದಕ್ಕೆ, ‘ಅವನು ಕಾರಲ್ಲೇ ಕೂರ್ಸಿಕೊಂಡು ಹೇಳ್ದ ಕಣೇ, ಕಾರು ನಿಲ್ಲಲೇ ಇಲ್ಲ’ ಎಂದು ಅತ್ತಿದ್ದಳು. ಆ ಕಾರು ಇದು.

“ಸೈಟಿನವನು ಓಡಿಸಿದ್ದು ಅಂತ ಮೊದಲೇ ಹೇಳ್ಬಾರ್ದಾ ಮೃತ್ಯುಂಜಯ?” ಎಂದೆ.

“ಅವ್ನೂ ಡಾಕ್ಟ್ರೇ ಅಕ್ಕಾ. ಯಾವ್ದೋ ಗೌರವ ಡಾಕ್ಟರೇಟು.”

ನನಗೆ ಸಿಟ್ಟು ಬಂದಿತ್ತು. ಓಂಕಾರಪ್ಪನಿಗೆ ಬರಲಿಲ್ಲ. ಅವನ ಕಣ್ಣು ಹೊಳೆಯುತ್ತಿತ್ತು. “ಕೆರೆನೇ ಸೈಟು ಅಂತ ಹೇಳಿದ್ರೂ ಓಡಿದೆಯಲ್ಲ ತಂಗಿ! ಇಪ್ಪತ್ತೊಂದು ಕಿಲೋಮೀಟರ್ ಅಂದ್ರೆ ಭಟ್ಟಿ ದಾಟಿ ಹೊಳೆ ಸೇತುವೆವರೆಗೂ ಆಯ್ತು. ನಂಗೆ ಸಾಕು. ಓಡ್ಸಿ ನೋಡೋಣ ನಡಿ.”

ಆಸ್ಪತ್ರೆಯ ದಾರಿಯಲ್ಲೇ ಹೊರಟೆವು, ನಾನು ಸ್ಟೀರಿಂಗ್ ಹಿಡಿದು, ಅವನು ಪಕ್ಕದಲ್ಲಿ. ಗಾಡಿ ಸದ್ದಿಲ್ಲದೆ ಜಾರುತ್ತಿತ್ತು. “ನನಗೆ ಮೂವತ್ತು ವರ್ಷ” ಎಂದೆ. ಗಾಡಿ ಹೋಯಿತು. “ನಮ್ಮ ನಾದಿನಿ ಮಾಡುವ ಉಪ್ಪಿಟ್ಟು ಬಹಳ ಚೆನ್ನಾಗಿರುತ್ತದೆ.” ಹೋಯಿತು. ಮೂರನೆಯದನ್ನೂ ಹೇಳಿದೆ, ಅದಕ್ಕೂ ಕಿವಿಗೊಡದೆ ಹೋಯಿತು. ನಲವತ್ತೇಳು ವರ್ಷದಲ್ಲಿ ಮೊದಲ ಸಲ ಓಡುವ ಗಾಡಿಯಲ್ಲಿ ಹೇಳಿದ ಸುಳ್ಳು ನನಗೆ ದಕ್ಕಿತು. ಅದರ ರುಚಿ ಏನು ಹೇಳಲಿ! ಓಂಕಾರಪ್ಪನಿಗೂ ಹುಚ್ಚು ಹತ್ತಿತು. “ನಮ್ಮಂಗ್ಡಿ ಹಿತ್ತಾಳೆ ನೂರಕ್ಕೆ ನೂರು ಅಪ್ಪಟ!” ಎಂದ. “ನನ್ನ ಕೂದಲಿಗೆ ನಾನು ಬಣ್ಣ ಹಚ್ಚೋದೇ ಇಲ್ಲ!” ಎಂದೆ. “ನಂಗೆ ಈಜು ಬರುತ್ತೆ!” “ನಂಗೆ ಇಂಗ್ಲಿಷ್ ಬರುತ್ತೆ!” “ನಮ್ ಭಾವಮೈದ ಒಳ್ಳೇವ್ನು!” ಇಟ್ಟಿಗೆ ಭಟ್ಟಿ ಬಂದಾಗ ಕೆಲಸದವರು ಅಭ್ಯಾಸಬಲದಿಂದ ಓಂಕಾರಪ್ಪನ ಮುಖ ಕಂಡು ಹಾರೆ ಬಿಟ್ಟು ಓಡಿಬಂದರು. ಅವರಿಗೆ ಕೈಬೀಸಿ ಮುಂದೆ ಹೋದೆವು. ಇಬ್ಬರು ವಯಸ್ಸಾದವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಸುಳ್ಳು ಹೇಳುತ್ತಾ ಸೇತುವೆ ತಲುಪಿದೆವು.

ಅಲ್ಲಿ ಬ್ಯಾಟರಿ ಮುಗಿಯಿತು. ಎಂಜಿನ್ ತಾನಾಗಿ ಚಾಲೂ ಆಯಿತು. ಹೈಬ್ರಿಡ್‌ನಲ್ಲಿ ಇದನ್ನು ಗಮನವಿಟ್ಟು ನೋಡಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಗಾಡಿ ಎಳೆದಾಡಬಾರದು, ನಡುಗಬಾರದು. ದಾಟಿದ್ದು ಗೊತ್ತೇ ಆಗಲಿಲ್ಲ. ಇಬ್ಬರೂ ಗಪ್ಪನೆ ಬಾಯಿ ಮುಚ್ಚಿಕೊಂಡೆವು.

“ಇನ್ನು ಇಲ್ಲಿಂದಾಚೆ ನಿಜ ಅಷ್ಟೇ” ಎಂದೆ.

“ಒಂದ್ಸಲ ಹೇಳ್ನೋಡ್ಲಾ?” ಎಂದ ಓಂಕಾರಪ್ಪ. “ನಮ್ ಕಾರು ನಿಲ್ಲೋ ಹಂಗೆ ಇದೂ ನಿಲ್ಲುತ್ತಾ ನೋಡ್ಬೇಕು. ಅಪ್ಪಿತಪ್ಪಿ ಸೇತುವೆ ದಾಟಿದ್ಮೇಲೆ ಬಾಯಿಗೆ ಬಂದ್ರೆ?”

ಹೇಳಿ ಎಂದೆ. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡು, ಮುಂದಿನ ಗಾಜಿಗೆ ಹೇಳಿದ: “ಮಂಗಳಾ, ನೀನು ವಾಸಿ ಆಗ್ತೀಯ.”

ಎಂಜಿನ್ ನಿಲ್ಲಲಿಲ್ಲ.

“ಓಹೋ!” ಅವನು ತೊಡೆ ತಟ್ಟಿಕೊಂಡ. “ಇದರ ಎಂಜಿನ್ನೂ ಸುಳ್ಳು ನುಂಗುತ್ತೆ ತಂಗಿ! ಇದೇ ಬೇಕು ನಂಗೆ. ಇವತ್ತೇ ಮಾತಾಡಿ ಮುಗಿಸು.”

ನನಗೆ ಸಮಾಧಾನವಾಗಲಿಲ್ಲ. ದೋಷವಿಲ್ಲದ ಎಂಜಿನ್ ಸುಳ್ಳಿಗೆ ನಿಲ್ಲದ್ದನ್ನು ನಾನು ಈವರೆಗೆ ಕಂಡಿಲ್ಲ. “ನನಗೆ ಮೂವತ್ತು ವರ್ಷ” ಎಂದೆ. ಗಾಡಿ ಸೇತುವೆಯ ಮಧ್ಯದಲ್ಲಿ ಗಕ್ಕನೆ ನಿಂತಿತು. ಮತ್ತೆ ಚಾಲೂ ಮಾಡಿದೆ. “ಈಗ ನೀವು ಹೇಳಿ.” ಅವನು ಹೇಳಿದ, ನಿಲ್ಲಲಿಲ್ಲ. ನಾನು ಉಪ್ಪಿಟ್ಟು ಎಂದೆ, ನಿಂತಿತು. ಅವನು ಹೇಳಿದ, ಓಡಿತು. ಹಿಂದೆ ಬಂದ ಲಾರಿಯವನು ಹಾರನ್ ಹೊಡೆದು ಬೈದುಕೊಂಡು ದಾಟಿಹೋದ. ದೋಷ ಹುಡುಕುವವರು ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಬೇಕು ಎಂದು ನಮ್ಮಪ್ಪ ಕಲಿಸಿದ್ದ. ಗಾಡಿ ಬದಲಾಗಿದೆ, ಆದರೆ ಎಂಜಿನ್ ಸರಿಯಾಗಿಯೇ ಇದೆ. ಮಾತು ಅದೇ. ಹೇಳುವವನೂ ಅವನೇ. ಹಾಗಾದರೆ ಇಲ್ಲಿ ಇಲ್ಲದ್ದು ಏನು?

ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಪ್ಪತ್ತೆರಡು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದೆ. ಕೇಳುವಾಗ ನಾಚಿಕೆಯಾಯಿತು.

“ಓಂಕಾರಣ್ಣ, ನಿಮ್ಮ ಕಾರು ನೀವು ಹೇಳಿದ ಕೂಡ್ಲೇ ನಿಲ್ಲುತ್ತಾ?”

“ಕೂಡ್ಲೇ ಅಲ್ಲ. ಒಂದು ಗಳಿಗೆ ಬಿಟ್ಟು.”

“ಆ ಗಳಿಗೇಲಿ ಅಕ್ಕ ಏನ್ ಮಾಡ್ತಾರೆ?”

“ಏನ್ ಮಾಡ್ತಾಳೆ ಪಾಪ. ಕಿಟಕಿ ಕಡೆ ನೋಡ್ಕೊಂಡು ‘ಹೂಂ’ ಅಂತಾಳೆ.”

ಹೇಳಿದವನೇ ಅವನು ನನ್ನ ಕಡೆ ತಿರುಗಿದ. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಆ ಸದ್ದು ಕೇಳುತ್ತಿತ್ತು.

“ಹಂಗಾದ್ರೆ ನಾನು ನಂಬಿದೀನಿ” ಎಂದ. ಅಷ್ಟು ದೊಡ್ಡ ಮನುಷ್ಯ, ಅವನ ಮುಖ ಒಂದು ಕ್ಷಣ ಬೆಳಗಿಬಿಟ್ಟಿತು. “ಡಾಕ್ಟರು ಔಷಧಿ ಒಗ್ತಾ ಇದೆ ಅಂದಿದ್ರು. ನಾನು ನಂಬಿದೀನಿ ತಂಗಿ, ನಂಗೇ ಗೊತ್ತಿರ್ಲಿಲ್ಲ!” ಆಮೇಲೆ ಆ ಬೆಳಕು ಇಳಿಯಿತು. “ಅವಳು ನಂಬಿಲ್ಲ. ನಾಲ್ಕು ತಿಂಗಳಿಂದ ಪಕ್ಕದಲ್ಲೇ ಕೂತು... ನನಗೋಸ್ಕರ ಹೂಂ ಅಂತಿದ್ಲು. ನಾನು ಕೆಳಗಿಳಿದು ಪ್ಲಗ್ ಒರೆಸ್ತಿದ್ದೆ.”

ಅವನು ಅತ್ತ. ಮೂರನೆಯ ಸುಳ್ಳು ಹೇಳುವ ಹೆಂಗಸು ನಾನು, ಅಳು ನನಗೆ ಸುಲಭವಾಗಿ ಬರುವುದಿಲ್ಲ. ಗಾಡಿ ನೋಡಲು ಬಂದವಳಾಗಿ ಹೇಳಬೇಕಾದ್ದನ್ನು ಹೇಳಿದೆ: ಗಾಡಿ ಗಟ್ಟಿ ಇದೆ, ಎಂಜಿನ್ ಚೆನ್ನಾಗಿದೆ, ಬ್ಯಾಟರಿ ಸೇತುವೆವರೆಗೆ. ನಿಮಗೆ ಬೇಕಾದ ಕೆಲಸ ಮಾಡಿಕೊಡುತ್ತದೆ. ನೀವು ಭಟ್ಟಿ ಹತ್ತಿರ ಹೇಳ್ತೀರಿ, ಅಕ್ಕ ಹೂಂ ಅಂತಾರೆ, ಗಾಡಿ ನಿಲ್ಲೋದಿಲ್ಲ.

“ಅವಳು ನಂಬಿದಾಳೋ ಇಲ್ವೋ ನಂಗೂ ಗೊತ್ತಾಗಲ್ಲ” ಎಂದ ಓಂಕಾರಪ್ಪ.

“ಗೊತ್ತಾಗಲ್ಲ.”

ವಾಪಸು ಬಂದೆವು. ಯಾರ್ಡಿನಲ್ಲಿ ಇಳಿದು ಅವನು ಮೃತ್ಯುಂಜಯನಿಗೆ ಯೋಚನೆ ಮಾಡಿ ಹೇಳುತ್ತೇನೆಂದ. ನನಗೆ, ‘ನಾಳೆ ನಮ್ಮ ಜೊತೆ ಆಸ್ಪತ್ರೆಗೆ ಬಾ, ಹಳೇ ಕಾರನ್ನೂ ಒಮ್ಮೆ ನೋಡು, ಎಕ್ಸ್‌ಚೇಂಜಿಗೆ ಹಾಕಬಹುದಾ ಅಂತ’ ಎಂದ. ಅದು ನೆಪ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನೆಲದ ಮೇಲೆ ನಿಂತಿದ್ದೆವು, ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ಸುಳ್ಳಿಗೆ ನಿಲ್ಲದ ಗಾಡಿಯ ಸುದ್ದಿ ಹಬ್ಬಿತ್ತು. ಸಂಜೆಗೆ ಮೃತ್ಯುಂಜಯನ ಗೋಡೆಯ ಮುಂದೆ ಸಾಲು ನಿಂತಿತ್ತು: ಪುರಸಭೆಯ ಉಪಾಧ್ಯಕ್ಷರು, ಇಬ್ಬರು ಮನೆಅಳಿಯಂದಿರು, ಒಬ್ಬ ನಿವೃತ್ತ ಹೆಡ್‌ಮಾಸ್ಟರು, ಮಗನಿಗೆ ಹೆಣ್ಣು ಹುಡುಕುತ್ತಿದ್ದ ಮೂರು ಸಂಸಾರಗಳು. ಅವರ ಹಿಂದೆ ಇನ್ನೊಂದು ಸಾಲು ಸ್ವರ್ಣಭೂಮಿಯವರದು, ಕೈಯಲ್ಲಿ ಪೊರಕೆ, ಮುಂದೆ ನನ್ನ ನಾದಿನಿ. ಯಾರು ಕೊಂಡರೋ, ಯಾರು ಒಡೆದರೋ ನಾನು ನೋಡಲು ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಸರ್ವಮಂಗಳಕ್ಕ ಬಹಳ ಇಳಿದುಹೋಗಿದ್ದಳು, ತಲೆಗೆ ಸೆರಗು ಬಿಗಿಯಾಗಿ ಹೊದ್ದಿದ್ದಳು. “ದಾಕ್ಷಾಯಣಿ, ನೀನು ಬಂದಿದ್ದು ಒಳ್ಳೇದಾಯ್ತು. ತಳ್ಳೋಕೆ ಒಬ್ರಾದ್ರು” ಎಂದು ನಕ್ಕಳು. ಹದಿನಾರು ವರ್ಷದ ಕಾರು ಗುರುಗುಡುತ್ತಾ ಊರು ದಾಟಿತು. ಓಂಕಾರಪ್ಪನ ಬೆರಳುಗಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದವು. ಭಟ್ಟಿಯ ಹೊಗೆ ಕಂಡಿತು. ಆಕೆ ಎಂದಿನಂತೆ ಕಿಟಕಿಗೆ ತಲೆಯಾನಿಸಿ, ಬರಲಿರುವ ಮಾತಿಗೆ ಸಿದ್ಧಳಾಗಿ ಕೂತಳು. ಭಟ್ಟಿಯವರು ಹಾರೆ ಕೆಳಗಿಟ್ಟು ರಸ್ತೆ ಪಕ್ಕಕ್ಕೆ ಬಂದು ನಿಂತರು.

“ಮಂಗಳಾ” ಎಂದ ಓಂಕಾರಪ್ಪ. ಅಲ್ಲಿಗೆ ನಿಲ್ಲಿಸಿದ. ಆಮೇಲೆ, “ಹೆದ್ರಿಕೆ ಆಗ್ತಿದೆಯಾ?”

ಆಕೆ ಕಿಟಕಿಯಿಂದ ತಲೆ ಎತ್ತಿದಳು. ಗಂಡನನ್ನು ನೋಡಿದಳು, ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು.

“ಹೂಂ” ಎಂದಳು.

ಕಾರು ನಿಲ್ಲಲಿಲ್ಲ.

“ನಂಗೂ ಆಗುತ್ತೆ ಕಣೇ” ಎಂದ. ಅದಕ್ಕೂ ನಿಲ್ಲಲಿಲ್ಲ. ಭಟ್ಟಿಯವರು ಚಾಚಿದ ಕೈ ಹಾಗೇ ಇಟ್ಟುಕೊಂಡು ನಾವು ದಾಟಿಹೋಗುವುದನ್ನು ನೋಡುತ್ತಾ ಉಳಿದರು. ಆಕೆ ಮಾತಾಡಲು ಶುರುಮಾಡಿದಳು. ರಾತ್ರಿ ನಿದ್ದೆ ಬಾರದ್ದು, ಬಾಚಣಿಗೆಯನ್ನು ಬೀರುವಿನ ಹಿಂದೆ ಬಚ್ಚಿಟ್ಟದ್ದು, ತಾನು ಹೋದರೆ ಇವನು ಹಾಲು ಕಾಯಿಸಲೂ ಕಲಿತಿಲ್ಲವಲ್ಲ ಎಂಬುದು, ಒಂದಾದ ಮೇಲೊಂದು. “ಹಾಲು ಕಾಯ್ಸೋಕೆ ಬರುತ್ತೆ ನಂಗೆ” ಎಂದ ಓಂಕಾರಪ್ಪ, ಕಾರು ಗಕ್ಕನೆ ನಿಂತಿತು, ಮೂವರೂ ನಕ್ಕೆವು. ನಾನು ಇಳಿದು ತಳ್ಳಿದೆ.

ಆಸ್ಪತ್ರೆ ಗೇಟಿನ ಹತ್ತಿರ ನನ್ನ ಚೀಟಿ ತೆಗೆದು ಬರೆದೆ: ಬಿಳಿ ಕಾರು, ಹದಿನಾರು ವರ್ಷ, ಟೈರು ಸವೆದಿದೆ, ಎಡ ಬಾಗಿಲು ಬಿಗಿ, ಎಂಜಿನ್ ಚೆನ್ನಾಗಿದೆ. ಮಾರತಕ್ಕದ್ದಲ್ಲ.